ಉಗಿಗೊಳವೆಯ ವ್ಯಾಸನಿರ್ಣಯ

ಕಾರ್ಖಾನೆಯಲ್ಲಿ ಬಾಯ್ಲರಿನಿಂದ ಯಂತ್ರಗಳಿಗೆ ಉಗಿಯನ್ನು ಒಯ್ಯುವ ಕೊಳವೆಯು ಎಷ್ಟು ಅಗಲವಾಗಿರಬೇಕೆಂಬ ಪ್ರಶ್ನೆಯು ನೋಡುವುದಕ್ಕೆ ಅಲ್ಪವಾದುದು. ಸಂದೇಹವಿದ್ದಲ್ಲಿ ಒಂದಳತೆ ದೊಡ್ಡದನ್ನೇ ಹಾಕಿದರೆ ಬಾಧಕವೇನೆಂದು ತೋರುವುದು ಸಹಜ. ನೀರಿನ ಕೊಳವೆಗೆ ಈ ನ್ಯಾಯವು ಬಹುಮಟ್ಟಿಗೆ ಸಲ್ಲುವುದು, ಉಗಿಗೆ ಸಲ್ಲದು. ಇದಕ್ಕೆ ಕಾರಣವು ಉಗಿಯ ಎರಡು ಗುಣಗಳಲ್ಲಿ ಉಂಟು: ಒತ್ತಡವು ತಗ್ಗಿದಂತೆಲ್ಲ ಅದು ಹಿಗ್ಗುವುದು, ಶಾಖವನ್ನು ಕಳೆದುಕೊಂಡಂತೆಲ್ಲ ನೀರಾಗುವುದು.

ಮೊದಲನೆಯ ಗುಣವನ್ನು ವಿಚಾರಿಸೋಣ. ವಾಯುಮಂಡಲದ ಒತ್ತಡದಲ್ಲಿ ಒಂದು ಕಿಲೋಗ್ರಾಂ ಉಗಿಯು ಸುಮಾರು ೧.೬೭ ಘನಮೀಟರು ಸ್ಥಳವನ್ನು ಆಕ್ರಮಿಸುವುದು. ಒತ್ತಡವು ಅದಕ್ಕಿಂತ ೭ ಬಾರ್ ಅಧಿಕವಾಗಿದ್ದರೆ ಅಷ್ಟೇ ಉಗಿಗೆ ೦.೨೪ ಘನಮೀಟರು ಸಾಕು. ಆದಕಾರಣ ಗಂಟೆಗೆ ಇಷ್ಟು ತೂಕದ ಉಗಿ ಬೇಕೆಂದು ಹೇಳಿದ ಮಾತ್ರಕ್ಕೆ ಕೊಳವೆಯ ಅಳತೆಯು ದೊರೆಯದು. ಯಾವ ಒತ್ತಡದಲ್ಲಿ ಎಂಬುದನ್ನೂ ಹೇಳಬೇಕು. ಇವೆರಡರ ಸಂಗಡ ಉಗಿಯು ಹರಿಯತಕ್ಕ ವೇಗವನ್ನೂ ಗೊತ್ತುಮಾಡಿಕೊಳ್ಳಬೇಕು. ಕುದಿಯುವ ನೀರಿನ ಉಷ್ಣತೆಯಲ್ಲಿಯೇ ಇರುವ ಸಂತೃಪ್ತ ಉಗಿಗೆ ಸೆಕೆಂಡಿಗೆ ೨೫ರಿಂದ ೪೦ ಮೀಟರುಗಳ ವೇಗವನ್ನು ಇಟ್ಟುಕೊಳ್ಳುವುದು ವಾಡಿಕೆ.

ಉದಾಹರಣೆಗೆ, ಮೇಲೆ ಹೇಳಿದ ೭ ಬಾರ್ ಒತ್ತಡದಲ್ಲಿ ಗಂಟೆಗೆ ೧೦೦೦ ಕಿಲೋಗ್ರಾಂ ಉಗಿ ಬೇಕಾಗಿದೆ ಎನ್ನೋಣ. ಆಗ ಸೆಕೆಂಡಿಗೆ ಹರಿಯುವ ಗಾತ್ರವು ೦.೦೬೭ ಘನಮೀಟರು. ೨೫ ಮೀಟರುಗಳ ವೇಗಕ್ಕೆ ಕೊಳವೆಯ ಒಳವ್ಯಾಸವು ಸುಮಾರು ೫೮ ಮಿಲಿಮೀಟರು ಆಗುವುದು. ಆದರೆ ಕೊಳವೆಗಳು ನಿಯತವಾದ ಅಳತೆಗಳಲ್ಲಿ ಮಾತ್ರ ದೊರೆಯುವುವು. ಆದುದರಿಂದ ೫೦ ಮತ್ತು ೬೫ ಮಿಲಿಮೀಟರುಗಳಲ್ಲಿ ಒಂದನ್ನು ಆರಿಸಬೇಕಾಗುವುದು. ಇವನ್ನೇ ಒಳವ್ಯಾಸಗಳೆಂದು ಹಿಡಿದರೆ, ಮೊದಲನೆಯದರಲ್ಲಿ ವೇಗವು ಸುಮಾರು ೩೪ ಮೀಟರು, ಎರಡನೆಯದರಲ್ಲಿ ೨೦ ಮೀಟರು.

ಈ ಆಯ್ಕೆಯಲ್ಲಿಯೇ ವಿಷಯದ ಮರ್ಮವಡಗಿದೆ. ಒಂದೇ ಪ್ರಮಾಣದ ಉಗಿಯು ಹರಿಯುವಾಗ ಘರ್ಷಣದಿಂದಾಗುವ ಒತ್ತಡನಷ್ಟವು ಹೆಚ್ಚುಕಡಿಮೆ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುವುದು. ಎಂದರೆ, ವ್ಯಾಸವನ್ನು ಅರ್ಧ ಮಾಡಿದರೆ ನಷ್ಟವು ೩೨ ಪಟ್ಟಾಗುವುದು. ಮೇಲಿನ ಉದಾಹರಣೆಯಲ್ಲಿ ಸಣ್ಣ ಕೊಳವೆಯ ನಷ್ಟವು ದೊಡ್ಡದರದಕ್ಕಿಂತ ಸುಮಾರು ೩.೭ ಪಟ್ಟು. ಇತ್ತ ಶಾಖವನ್ನು ಹೊರಗೆಡಹುವ ಮೈಯಾದರೋ ವ್ಯಾಸದೊಡನೆ ಸಮವಾಗಿ ಬೆಳೆಯುವುದು. ದೊಡ್ಡ ಕೊಳವೆಯಲ್ಲಿ ಅದು ಸುಮಾರು ಶೇಕಡಾ ೩೦ ಹೆಚ್ಚು. ಒತ್ತಡನಷ್ಟವು ಉಗಿ ಹರಿಯುವಾಗ ಮಾತ್ರ ಆಗತಕ್ಕದ್ದು. ಶಾಖನಷ್ಟವು ಯಂತ್ರವು ಸುಮ್ಮನಿದ್ದರೂ ಕೊಳವೆಯಲ್ಲಿ ಉಗಿಯಿರುವವರೆಗೆ ನಿಲ್ಲದು. ಆದುದರಿಂದ ದೂರದ ಕೊಳವೆಯನ್ನು ವೇಗದಿಂದ ಮಾತ್ರವೇ ನಿರ್ಣಯಿಸದೆ, ಕೊನೆಯ ಯಂತ್ರದಲ್ಲಿ ಉಳಿಯಬೇಕಾದ ಒತ್ತಡವನ್ನು ಕಂಡು ನಿರ್ಣಯಿಸತಕ್ಕದ್ದು. ಸಮೀಪದ ಕೊಳವೆಗೆ ವೇಗದ ಲೆಕ್ಕವೇ ಸಾಕು.

ಎರಡನೆಯ ಗುಣದಿಂದ ಬರುವ ಅಪಾಯವು ಇನ್ನೂ ಗುರುತರವಾದುದು. ತಣಿದು ಇಳಿದ ನೀರು ತಳದಲ್ಲಿ ನಿಂತರೆ, ವೇಗವಾಗಿ ಬರುವ ಉಗಿಯು ಅದನ್ನು ಗುಂಡಿನಂತೆ ತಳ್ಳಿಕೊಂಡು ಹೋಗಿ ಬಾಗುಗಳಿಗೂ ಕವಾಟಗಳಿಗೂ ಅಪ್ಪಳಿಸುವುದು. ಇದಕ್ಕೆ ಜಲಾಘಾತವೆನ್ನಬಹುದು. ಇದರ ನಿವಾರಣೆಗಾಗಿಯೇ ಕೊಳವೆಗೆ ಉಗಿ ಹರಿಯುವ ದಿಕ್ಕಿನಲ್ಲಿ ನೂರಕ್ಕೆ ಒಂದರಷ್ಟು ಇಳಿಜಾರನ್ನು ಕೊಟ್ಟು, ನಡುನಡುವೆ ನೀರನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪುಗಳನ್ನು ಇಡುವರು. ೨೦೦೭ನೆಯ ಇಸವಿಯ ಜುಲೈ ೧೮ರಂದು ನ್ಯೂಯಾರ್ಕ್ ನಗರದಲ್ಲಿ, ೧೯೨೪ರಲ್ಲಿ ನೆಲದೊಳಗೆ ಹಾಕಿದ್ದ ೨೪ ಅಂಗುಲದ ಉಗಿಗೊಳವೆಯು ಸಿಡಿಯಿತು. ಒಬ್ಬರು ಮೃತಪಟ್ಟರು, ಹಲವರು ಗಾಯಗೊಂಡರು. ಅಲ್ಲಿ ದೋಷವು ವ್ಯಾಸದ್ದಲ್ಲ. ಟ್ರ್ಯಾಪುಗಳು ಕಟ್ಟಿಕೊಂಡು ಒಳಗೆ ನೀರು ಶೇಖರವಾದುದೇ ಕಾರಣವೆಂದು ತನಿಖೆಯಲ್ಲಿ ತಿಳಿದುಬಂದಿತು.

ಇದರಿಂದ ವಿಶದವಾಗುವುದೇನೆಂದರೆ, ಕಿರಿದಾದ ಕೊಳವೆಯು ಯಂತ್ರವನ್ನು ಬಡವಾಗಿಸುವುದು, ಹಿರಿದಾದುದು ಇಂಧನವನ್ನು ವ್ಯರ್ಥಮಾಡುವುದು. ಇವೆರಡರ ನಡುವೆ ತಕ್ಕುದನ್ನು ಆರಿಸಿದರೂ ಒಳಗೆ ಇಳಿದ ನೀರಿಗೆ ಹೊರದಾರಿಯನ್ನು ಕಲ್ಪಿಸದ ಹೊರತು ವ್ಯಾಸನಿರ್ಣಯದ ಕಾರ್ಯವು ಮುಗಿದಂತಾಗುವುದಿಲ್ಲ.