ಮಕ್ಕಳಿಗೆ ಮಾತು ಕಲಿಸಲು ನನಗೇನು ಅರ್ಹತೆ?

ಮೂರು ವರ್ಷದ ಹಿಂದಿನ ರಾಜ್ಯೋತ್ಸವ. ಹ್ಯೂಸ್ಟನ್ನಿನ ಒಂದು ಶಾಲೆಯ ಸಭಾಂಗಣದಲ್ಲಿ ಏಳು ವರ್ಷದ ನನ್ನ ಮಗ ಮೈಕು ಹಿಡಿದು ನಿಂತಿದ್ದ. ‘ನಮ್ಮೂರು’ ಅಂತ ಎಂಟು ವಾಕ್ಯದ ಮಾತು. ಬರೆದವಳು ನಾನು, ಬಾಯಿಪಾಠ ಮಾಡಿಸಿದವಳೂ ನಾನೇ. ಮೂರನೇ ವಾಕ್ಯಕ್ಕೆ ನಿಂತುಬಿಟ್ಟ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ತುಟಿ ಅಲ್ಲಾಡಿಸಿ ಹೇಳಿಕೊಟ್ಟೆ. ಅವನು ನನ್ನ ತುಟಿಯನ್ನೇ ನೋಡುತ್ತ ನಿಂತ, ಮಾತು ಮಾತ್ರ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ಕೆಳಗಿಳಿಸಿದರು.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಿಂದ ಒಂದೇ ಮಾತು: “ಅಮ್ಮಾ, ಇನ್ಮೇಲೆ ನಾನು ಕನ್ನಡ ಇಂಗ್ಲಿಷಲ್ಲಿ ಹೇಳ್ತೀನಿ.”

ನಗು ಬರುವ ಮಾತೇ. ಆದರೆ ಆಮೇಲೆ ಅವನು ನಿಜವಾಗಿಯೂ ಕನ್ನಡದಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿದ. ವೀಡಿಯೊ ಕಾಲಿನಲ್ಲಿ ಶಿರಸಿಯ ಅಜ್ಜಿ ಕೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುವುದು, ಇಲ್ಲವೇ ‘ಓಕೆ’.

ಇದಾಗಿ ಎರಡು ತಿಂಗಳಿಗೆ ನಮ್ಮ ಕನ್ನಡ ಶಾಲೆ ನೋಡಿಕೊಳ್ಳುವವರು ಫೋನ್ ಮಾಡಿದರು. “ನೀವು ಪಿಎಚ್‌ಡಿ ಮಾಡಿದೋರು, ಕಾನ್ಫರೆನ್ಸ್‌ಗಳಲ್ಲಿ ಮಾತಾಡೋರು. ಭಾನುವಾರ ದೊಡ್ಡ ಮಕ್ಕಳಿಗೆ ಭಾಷಣ ಹೇಳಿಕೊಡಿ ಮೇಡಂ.” ಸ್ವಂತ ಮಗನ ಬಾಯಿ ಮುಚ್ಚಿಸಿದವಳಿಗೆ ಈ ಕೆಲಸ! ಒಂದು ವಾರ ಸಮಯ ಕೇಳಿದೆ.

ಸಂಶೋಧನೆ ನನ್ನ ಕಸುಬು, ಹಾಗಾಗಿ ಮೊದಲು ನೋಡಿದ್ದು ಈ ಕೆಲಸಕ್ಕೆ ಅರ್ಹತೆ ಏನು ಬೇಕು ಎಂಬುದನ್ನು. ಟೆಕ್ಸಸ್ಸಿನ ಸರ್ಕಾರಿ ಶಾಲೆಗಳಲ್ಲಿ ಭಾಷಣ ಕಲೆ ಒಂದು ವಿಷಯ. ಅದನ್ನು ಕಲಿಸುವವರಿಗೆ ಪದವಿ ಬೇಕು, ಶಿಕ್ಷಕರ ತರಬೇತಿ ಆಗಿರಬೇಕು, ಜೊತೆಗೆ ಏಳರಿಂದ ಹನ್ನೆರಡನೇ ತರಗತಿಯವರೆಗಿನ ‘ಸ್ಪೀಚ್’ ಪರೀಕ್ಷೆ ಪಾಸಾಗಬೇಕು. ಕಾಲೇಜಿನಲ್ಲಿ ಕಲಿಸಲು ಸಾಮಾನ್ಯವಾಗಿ ಆ ವಿಷಯದಲ್ಲೇ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಇಲ್ಲವೇ ಬೇರೆ ಸ್ನಾತಕೋತ್ತರ ಪದವಿಯ ಜೊತೆ ಈ ವಿಷಯದಲ್ಲಿ 18 ಕ್ರೆಡಿಟ್. ಜೀವಕೋಶಗಳ ಮೇಲಿನ ನನ್ನ ಡಾಕ್ಟರೇಟು ಎರಡು ಕಡೆಯೂ ಲೆಕ್ಕಕ್ಕೆ ಬರುವುದಿಲ್ಲ.

ಭಾನುವಾರದ ಕನ್ನಡ ತರಗತಿಗೋ ಮನೆಪಾಠಕ್ಕೋ? ಯಾವ ಲೈಸೆನ್ಸೂ ಬೇಡ. ನಾಳೆಯೇ ಬೋರ್ಡ್ ಹಾಕಬಹುದು. ಮಕ್ಕಳನ್ನು ದುಬಾರಿ ಭಾಷಣ ಕ್ಲಾಸುಗಳಿಗೆ ಸೇರಿಸುವ ನಾವೆಲ್ಲ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಫೀಸು ನೋಡಿದರೆ ಅರ್ಹತೆ ಗೊತ್ತಾಗುವುದಿಲ್ಲ. ಒಂದು ಕ್ಲಾಸಿನಲ್ಲಿ ಹಿಂದೆ ಕೂತು, ಮಗು ತಡವರಿಸಿದಾಗ ಟೀಚರ್ ಏನು ಮಾಡುತ್ತಾರೆ ಅಂತ ನೋಡಿ.

ನಾನು ಆರಿಸಿಕೊಂಡದ್ದು ಟೋಸ್ಟ್‌ಮಾಸ್ಟರ್ಸ್. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಸಂಸ್ಥೆ. ನಿಮ್ಮ ಆಫೀಸಿನಲ್ಲೂ ಇದರ ಕ್ಲಬ್ ಇರಬಹುದು. ಅಲ್ಲಿ ಸಿಗುವುದು ಬೋಧಕರ ಸರ್ಟಿಫಿಕೇಟ್ ಅಲ್ಲ. ಆದರೆ ಅವರದೊಂದು ಯೂತ್ ಲೀಡರ್‌ಶಿಪ್ ಪ್ರೋಗ್ರಾಮ್ ಇದೆ: ಹದಿನೆಂಟರೊಳಗಿನ ಮಕ್ಕಳಿಗೆ, ಒಂದರಿಂದ ಎರಡು ಗಂಟೆಯ ಎಂಟು ತರಗತಿ. ನಡೆಸಿಕೊಡುವವರು ಸಂಸ್ಥೆಯ ಸದಸ್ಯರು. ಅದನ್ನು ನಡೆಸುವಷ್ಟು ಕಲಿಯಬೇಕು ಅಂತ ಸೇರಿಕೊಂಡೆ.

ಅಲ್ಲಿ ಮೇಷ್ಟ್ರೇ ಇಲ್ಲ! ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಎರಡು ಮೂರು ನಿಮಿಷದಲ್ಲಿ ಆ ಮಾತಿನ ವಿಮರ್ಶೆ ಹೇಳುತ್ತಾರೆ. ಇನ್ನೂ ಒಬ್ಬರು ‘ಆ’, ‘ಸೋ’ ಎಣಿಸುತ್ತಾರೆ. ಮೊದಲ ದಿನ ನನ್ನದು ಹದಿನಾಲ್ಕು ‘ಸೋ’. ಸ್ಲೈಡು ಇಲ್ಲದೆ ಐದು ನಿಮಿಷ ನಿಲ್ಲುವಷ್ಟರಲ್ಲಿ ಅಂಗೈ ಬೆವರಿತ್ತು.

ನಿಜವಾದ ಪೆಟ್ಟು ಬಿದ್ದದ್ದು ವಿಮರ್ಶೆ ಮಾಡುವ ಸರದಿ ಬಂದಾಗ. ಶುರುವಿನ ಹಂತದಲ್ಲೇ ಒಂದು ಅಭ್ಯಾಸವಿದೆ. ನೀವು ಒಂದು ಭಾಷಣ ಮಾಡಿ ಬೇರೆಯವರ ಸಲಹೆ ಕೇಳಬೇಕು, ಆ ಸಲಹೆ ಬಳಸಿ ಮತ್ತೆ ಮಾತಾಡಬೇಕು, ಆಮೇಲೆ ಇನ್ನೊಬ್ಬರ ಮಾತಿಗೆ ನೀವು ವಿಮರ್ಶೆ ಹೇಳಬೇಕು. ನನಗೆ ಸಿಕ್ಕಿದ್ದು ಒಬ್ಬ ಹಿರಿಯ ಟೆಕ್ನಿಷಿಯನ್ ಅವರ ಭಾಷಣ. ನಾನು ಪ್ರಬಂಧ ಪರಿಶೀಲನೆ ಮಾಡುವ ಗತ್ತಿನಲ್ಲಿ ಒಂಬತ್ತು ತಪ್ಪು ಪಟ್ಟಿ ಮಾಡಿ ಓದಿದೆ. ಒಂದೂ ಸುಳ್ಳಲ್ಲ. ಅವರು ಮುಗುಳ್ನಕ್ಕು ಥ್ಯಾಂಕ್ಸ್ ಹೇಳಿದರು. ಮುಂದಿನ ಎರಡು ತಿಂಗಳು ಅವರು ಭಾಷಣಕ್ಕೆ ಹೆಸರು ಕೊಡಲೇ ಇಲ್ಲ.

ಕ್ಲಬ್ಬಿನ ಹಳೆಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಒಂಬತ್ತರಲ್ಲಿ ಯಾವುದನ್ನು ಅವರು ಮುಂದಿನ ವಾರ ಸರಿ ಮಾಡಬಲ್ಲರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲದಿಂದ ಅವರು ಹೇಳಿದ ಹಾಗೆ ಮಾಡಿದೆ. ಮಾತು ಮುಗಿಯುವ ತನಕ ಪೆನ್ನು ಕೆಳಗಿಡುವುದು. ಮುಗಿದ ಮೇಲೆ ನನಗೆ ಉಳಿದದ್ದೇನು ಅಂತ ಹೇಳುವುದು. ತಿದ್ದಬೇಕಾದ್ದು ಒಂದೇ ಒಂದು.

ಮನೆಯಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ಹೊಳೆದದ್ದು ಆಗಲೇ. ಮಗ ಅಜ್ಜಿ ತಾತನ ಮುಂದೆ “ಅಜ್ಜಿ ಬಂದ” ಅಂದಾಗ ನಾವೆಲ್ಲ ನಕ್ಕಿದ್ದೆವು. ಪ್ರೀತಿಯಿಂದಲೇ ನಕ್ಕದ್ದು. ನಾನಂತೂ ತಕ್ಷಣ “ಬಂದ ಅಲ್ಲ, ಬಂದ್ಳು. ಅಲ್ಲ, ಬಂದ್ರು ಅನ್ನು” ಅಂತ ಎರಡು ಸಲ ತಿದ್ದಿದ್ದೆ. ಅಜ್ಜಿ ಬಂದು ಏನು ಮಾಡಿದರು ಅನ್ನುವ ಅವನ ಕಥೆ ಅಲ್ಲಿಗೇ ನಿಂತಿತ್ತು. ನಿಮ್ಮ ಮನೆಯ ಊಟದ ಮೇಜಿನಲ್ಲೂ ಇಂಥದ್ದು ನಡೆದಿರಬಹುದು.

ಮೊದಲು ಲೈಬ್ರರಿಯೊಂದರಲ್ಲಿ ಕ್ಲಬ್ಬಿನವರ ಜೊತೆ ಎಂಟು ವಾರದ ಮಕ್ಕಳ ಕಾರ್ಯಕ್ರಮವನ್ನು ಇಂಗ್ಲಿಷಿನಲ್ಲಿ ನಡೆಸಿದೆ. ಆಮೇಲೆ ಅದೇ ಪದ್ಧತಿಯನ್ನು ಕನ್ನಡ ಶಾಲೆಗೆ ತಂದೆ. ಮಕ್ಕಳೇ ಅಧ್ಯಕ್ಷರನ್ನು ಆರಿಸುವುದು, ಮಕ್ಕಳೇ ಸಮಯ ನೋಡುವುದು, ಮಕ್ಕಳೇ ವಿಮರ್ಶೆ ಹೇಳುವುದು. ‘ಆ’ ಎಣಿಸುವುದನ್ನು ಮಾತ್ರ ಬಿಟ್ಟೆ. ಎರಡನೇ ಭಾಷೆಯಲ್ಲಿ ಪದ ಹುಡುಕುವ ಮಗುವಿಗೆ ಆ ‘ಆ’ ಬೇಕು.

ದಿಢೀರ್ ಮಾತಿಗೆ ಅಲ್ಲಿ ವಿಷಯದ ಚೀಟಿ ಕೊಡುತ್ತಾರೆ. ನಮ್ಮ ಊರಿನವಳಾಗಿ ನನಗೆ ನೆನಪಾದದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಿಸುತ್ತಾರೆ, ಬರೆದಿಟ್ಟ ಸಂಭಾಷಣೆ ಇಲ್ಲದೆ. ವಾಲಿವಧೆಯ ಕಥೆಯನ್ನು ಮಕ್ಕಳಿಗೆ ಐದು ನಿಮಿಷದಲ್ಲಿ ಹೇಳಿ ಎದುರುಬದುರು ಎರಡು ಕುರ್ಚಿ ಹಾಕಿದೆ.

ವಾಲಿಯಾದ ಹನ್ನೊಂದು ವರ್ಷದ ಹುಡುಗಿ ಕೇಳಿದಳು: “ನಾನು ನಿನ್ನ ಜೊತೆ ಫೈಟ್ ಮಾಡ್ಲೇ ಇಲ್ಲ. ಮರದ ಹಿಂದಿಂದ ಯಾಕೆ ಹೊಡೆದೆ?”

“ನಿನ್ನ ತಮ್ಮ ಹೆಲ್ಪ್ ಕೇಳಿದ.”

“ನನ್ನನ್ನೂ ಕೇಳ್ಬೇಕಿತ್ತು. ಎರಡು ಸೈಡೂ ಕೇಳ್ಬೇಕು.”

ರಾಮನ ಬಾಯಿ ಕಟ್ಟಿತು. ಮೊದಲಾಗಿದ್ದರೆ ನಾನೇ ಉತ್ತರ ಹೇಳಿಕೊಡುತ್ತಿದ್ದೆ. ಗಡಿಯಾರ ನೋಡುತ್ತ ಕೂತೆ. ಹನ್ನೊಂದು ಸೆಕೆಂಡ್. ಹಿಂದೆ ನಿಂತ ಪೋಷಕರೊಬ್ಬರು ಬಾಯಿ ತೆರೆಯುವುದರಲ್ಲಿದ್ದರು, ಕೈಸನ್ನೆ ಮಾಡಿ ತಡೆದೆ. ಆಮೇಲೆ ಹುಡುಗ ಹೇಳಿದ: “ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ನನಗೆ ಭಯ ಇತ್ತು.” ರಾಮನಿಗೆ ಭಯ! ನನಗೆ ಬರೆದುಕೊಡಲು ಹೊಳೆಯುತ್ತಿದ್ದ ಮಾತಲ್ಲ ಅದು.

ಮಕ್ಕಳು ಡಿಬೇಟಿಗೆ ಹೋಗುವ ವಯಸ್ಸಿನವರಾಗಿದ್ದರೆ ನಿಮಗೆ ಇನ್ನೊಂದು ದಾರಿಯೂ ಇದೆ. ಹೈಸ್ಕೂಲ್ ಟೂರ್ನಮೆಂಟುಗಳಲ್ಲಿ ತೀರ್ಪುಗಾರರಾಗಿ ಪೋಷಕರನ್ನೇ ಕರೆಯುತ್ತಾರೆ. ಎನ್‌ಎಫ್‌ಎಚ್‌ಎಸ್ ಸಂಸ್ಥೆ ಇದಕ್ಕಾಗಿ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ಪರರ ಮಕ್ಕಳನ್ನು ನಡುವೆ ಬಾಯಿ ಹಾಕದೆ ಕೇಳುವುದು ಸ್ವಂತ ಮಕ್ಕಳಿಗಿಂತ ಸುಲಭ. ಅಭ್ಯಾಸ ಅಲ್ಲಿಂದ ಶುರುವಾಗಲಿ.

ಮಗ ಈ ತರಗತಿಗೆ ಬರುತ್ತಿದ್ದದ್ದು ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲ ಅಂತ. ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ಐದನೇ ವಾರ ವಿಮರ್ಶೆ ಹೇಳುವ ಹುಡುಗಿ ಬಂದಿರಲಿಲ್ಲ. ಯಾರು ಹೇಳ್ತೀರಿ ಅಂದಾಗ ಅವನು ಎದ್ದ. ವಿಮರ್ಶೆ ನನ್ನ ಮೇಲೆ, ಕನ್ನಡದಲ್ಲಿ: “ಅಮ್ಮ ಕಥೆ ಚೆನ್ನಾಗಿ ಹೇಳ್ತಾನೆ. ಆದ್ರೆ ಬೇರೆಯವರು ಸ್ಲೋ ಆದ್ರೆ ಪೆನ್ನು ಕ್ಲಿಕ್ ಕ್ಲಿಕ್ ಮಾಡ್ತಾನೆ.” ‘ಹೇಳ್ತಾಳೆ’ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪೆನ್ನು ಬ್ಯಾಗಿಗೆ ಹಾಕಿದೆ.

ಕಳೆದ ರಾಜ್ಯೋತ್ಸವಕ್ಕೆ ಅವನೇ ಹೆಸರು ಕೊಟ್ಟ. ಏನು ಹೇಳುತ್ತಾನೆ ಅಂತ ನನಗೆ ತೋರಿಸಲಿಲ್ಲ. ಒಂದೇ ಷರತ್ತು: “ನೀನು ಲಾಸ್ಟ್ ರೋದಲ್ಲಿ ಕೂತ್ಕೋ.” ಕಾಫಿ ಡ್ರಮ್ಮಿನ ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ಅಡಿಕೆ ತೋಟದ ಬಗ್ಗೆ ಮಾತಾಡಿದ, ಎರಡೂವರೆ ನಿಮಿಷ. “ಮಂಗ ಬಂತು, ಅಜ್ಜಿ ಕೋಲು ತಗೊಂಡು ಓಡಿದ” ಅಂದಾಗ ಸಭೆ ನಕ್ಕಿತು. ಅವನೂ ನಕ್ಕ, ನಗು ನಿಲ್ಲುವ ತನಕ ಕಾದ, ಮಂಗ ಎಲ್ಲಿಗೆ ಹೋಯಿತು ಅಂತ ಮುಂದುವರಿಸಿದ.