ಹೀರೆ ಪಕ್ಕ ತುಪ್ಪದ ಹೀರೆ ಹಾಕಿದ್ದೀರಾ? ಬೀಜ ಇಡುವ ಮುಂಚೆ ಇದನ್ನು ಓದಿ

ಹೋದ ವರ್ಷ ಕೆ.ಆರ್. ಪುರಂ ಸಂತೆಯಲ್ಲಿ ನನ್ನ ಚೀಲ ಬಿಚ್ಚಿದ ವ್ಯಾಪಾರಿ ಒಂದು ಕಾಯಿ ಎತ್ತಿ ಹಿಡಿದು, "ಏನಪ್ಪಾ ಇದು, ಹೀರೇನೋ ತುಪ್ಪದ ಹೀರೇನೋ?" ಅಂದ. ಕಾಯಿ ಮೇಲೆ ಏಣು ಇದ್ದೂ ಇಲ್ಲದ ಹಾಗಿತ್ತು. ಅರ್ಧ ರೇಟಿಗೆ ಕೊಟ್ಟು ಬಂದೆ. ದುಡ್ಡು ಹೋದರೆ ಹೋಗಲಿ, ಅದು ನಮ್ಮಜ್ಜಿ ವರ್ಷ ವರ್ಷ ಬೂದಿ ಬೆರೆಸಿ ಕಾಪಾಡಿಕೊಂಡು ಬಂದ ಬೀಜ. ಕೆಡಿಸಿದ್ದು ನಾನೇ. ಅದರ ಹಿಂದಿನ ವರ್ಷ ಹೀರೆ ಚಪ್ಪರದ ಪಕ್ಕದಲ್ಲೇ ತುಪ್ಪದ ಹೀರೆ ಹಬ್ಬಿಸಿ, ಆ ಹೀರೆಯಿಂದಲೇ ಬೀಜ ಇಟ್ಟಿದ್ದೆ.

ಹೂವಿನೊಳಗೆ ನಡೆಯುವುದೇನು?

ಹೆಣ್ಣು ಹೂವಿನ ಮಧ್ಯೆ ಅಂಟಂಟಾದ ತುದಿ ಇರುತ್ತಲ್ಲ, ಅದೇ ಶಲಾಕಾಗ್ರ. ಜೇನು ತಂದ ಪರಾಗ ಅಲ್ಲಿ ಕೂತು, ಮೊಳೆತು, ಸಣ್ಣ ನಳಿಕೆ ಬಿಟ್ಟು ಕೆಳಗಿನ ಅಂಡಾಣು ತನಕ ಇಳಿಯಬೇಕು. ಸಂಬಂಧ ದೂರವಾದರೆ ಪರಾಗ ಮೊಳೆಯುವುದೇ ಇಲ್ಲ, ಇಲ್ಲವೇ ನಳಿಕೆ ಅರ್ಧದಲ್ಲೇ ನಿಲ್ಲುತ್ತೆ. ಕೆಲವು ಸಲ ಒಳಗೆ ತಲುಪಿದರೂ ಬೀಜ ಜೊಳ್ಳಾಗುತ್ತೆ.

ಹಾಗಾಗಿ ಹಾಗಲದ ಪಕ್ಕ ಸೌತೆ ಹಾಕಿದರೆ ಸೌತೆ ಕಹಿಯಾಗುತ್ತೆ ಅನ್ನುವುದು ಸುಳ್ಳು. ಅವೆರಡೂ ಕೂಡುವುದಿಲ್ಲ. ಸೌತೆ ಕಹಿಯಾಗಲು ನೀರಿನ ಕೊರತೆ, ಬಿಸಿಲು, ತಳಿಯ ಗುಣ ಕಾರಣ. ಇನ್ನೊಂದು ಮಾತು: ಕಾಯಿಯ ತಿರುಳು ತಾಯಿ ಬಳ್ಳಿಯದ್ದು, ಬೆರಕೆ ಕೂರುವುದು ಬೀಜದಲ್ಲಿ. ಅದಕ್ಕೇ ಮೊದಲ ವರ್ಷ ನನ್ನ ಕಾಯಿ ಚೆನ್ನಾಗೇ ಇತ್ತು. ಮೋಸ ಗೊತ್ತಾಗಿದ್ದು ಮರುವರ್ಷ.

ಯಾವುದು ಕೂಡುತ್ತೆ, ಯಾವುದು ಇಲ್ಲ?

• ಹೀರೆ, ತುಪ್ಪದ ಹೀರೆ: ಕೂಡುತ್ತವೆ. ಎರಡಕ್ಕೂ 13 ಜೊತೆ ವರ್ಣತಂತು. ಹೀರೆ ಹೂ ಅರಳುವುದು ಸಂಜೆ, ತುಪ್ಪದ ಹೀರೆಯದು ಬೆಳಗಿನ ಜಾವ. ಸಮಯ ಬೇರೆಯಾದರೂ ಬೆರಕೆ ತಪ್ಪಲ್ಲ.
• ಸೌತೆ, ಕರಬೂಜ: ಒಂದೇ ಕುಲ, ಆದರೆ ಕೂಡುವುದಿಲ್ಲ. ಸೌತೆಗೆ 7 ಜೊತೆ ವರ್ಣತಂತು, ಕರಬೂಜಕ್ಕೆ 12.
• ಮಂಗಳೂರು ಸೌತೆ: ಹೆಸರು ಸೌತೆ, ಜಾತಿ ಕರಬೂಜದ್ದು. ಕರಬೂಜದ ಜೊತೆ ಬೆರೆಯುತ್ತೆ, ಎಚ್ಚರ.
• ಸೋರೆ, ಸಿಹಿಗುಂಬಳ: ಒಂದಕ್ಕೊಂದು ಕೂಡುವುದಿಲ್ಲ. ಪಕ್ಕಪಕ್ಕ ಹಾಕಬಹುದು.

ವಿಜ್ಞಾನಿಗಳಿಗೂ ಇದೇ ತಲೆನೋವು

ನಮಗೆ ಬೇಡದ ಬೆರಕೆ ಸುಲಭವಾಗಿ ಆಗುತ್ತೆ, ಬೇಕಾದ್ದು ಆಗಲ್ಲ. ಪರಂಗಿಗೆ ಉಂಗುರ ಚುಕ್ಕೆ ನಂಜು ರೋಗ ಬಂದರೆ ತೋಟವೇ ಹೋಗುತ್ತೆ. ಈ ರೋಗ ತಡೆಯುವ ಕಾಡು ಬಂಧು ಒಂದಿದೆ, ಆದರೆ ಎರಡೂ ಬೇರೆ ಬೇರೆ ಕುಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶಲಾಕಾಗ್ರಕ್ಕೆ ಸಕ್ಕರೆ ದ್ರಾವಣ ಹಚ್ಚಿ ಪರಾಗ ಮೊಳೆಯುವಂತೆ ಮಾಡಿ, ಇವೆರಡನ್ನು ಬೆರೆಸಿದ್ದಾರೆ. ನಾವು ಬೆಳೆಯುವ ಅರ್ಕಾ ಅನಾಮಿಕ ಬೆಂಡೆಯೂ ಅವರದ್ದೇ. ಹಳದಿ ನಂಜು ರೋಗ ತಡೆಯಲೆಂದು ಬೆಂಡೆಯನ್ನು ಕಾಡು ಬೆಂಡೆ ಜೊತೆ ಕೂಡಿಸಿ, ಆಮೇಲೆ ಮತ್ತೆ ಮತ್ತೆ ಬೆಂಡೆಗೇ ಕೂಡಿಸಿ ಪಡೆದ ತಳಿ ಅದು.

ಹೀರೆ ಬೀಜ ಶುದ್ಧವಾಗಿ ಇಡುವುದು ಹೇಗೆ?

1. ಸಂಜೆ ಅರಳಲಿರುವ ಹೆಣ್ಣು ಮೊಗ್ಗು (ಕೆಳಗೆ ಪುಟ್ಟ ಕಾಯಿ ಇರುತ್ತೆ) ಮತ್ತು ಗಂಡು ಮೊಗ್ಗಿಗೆ ಮಧ್ಯಾಹ್ನವೇ ತೆಳು ಬಟ್ಟೆ ಚೀಲ ಕಟ್ಟಿ.
2. ಅರಳಿದ ಮೇಲೆ ಗಂಡು ಹೂ ಕಿತ್ತು, ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ಸವರಿ. ಗಂಡು ಹೂ ಬೇರೆ ಬಳ್ಳಿಯದಾದರೆ ಒಳ್ಳೆಯದು.
3. ಮತ್ತೆ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಗುರುತಿಗೆ ಬಣ್ಣದ ದಾರ ಕಟ್ಟಿ, ಫೋನಲ್ಲಿ ಫೋಟೋ ತೆಗೆದು ದಿನಾಂಕ ಬರೆದಿಡಿ.
4. ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು.

ಚೀಲ ಕಟ್ಟದಿದ್ದರೆ ಎರಡರ ನಡುವೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಅಂತರ ಬೇಕು. ಅರ್ಧ ಎಕರೆಯಲ್ಲಿ ಅದಾಗುವ ಮಾತಲ್ಲ. ಬೆರಕೆಯಾದ ಬಳ್ಳಿಯ ಕಾಯಿ, ಅದರಲ್ಲೂ ಸೋರೆ, ಕಹಿಯಿದ್ದರೆ ತಿನ್ನಬೇಡಿ, ಮಾರಲೂಬೇಡಿ. ಅದು ವಿಷ.

ಅಜ್ಜಿಯ ಬೀಜ ಪೂರ್ತಿ ಹೋಗಲಿಲ್ಲ. ಅಟ್ಟದ ಮೇಲೆ ಬೆರಕೆಗೂ ಮುಂಚಿನ ಒಂದು ಒಣ ಹೀರೇಕಾಯಿ ಉಳಿದಿತ್ತು. ಈ ಸಲ ಅದರಿಂದ ಹನ್ನೊಂದು ಬಳ್ಳಿ ಎದ್ದಿವೆ. ದಿನಾ ಮಧ್ಯಾಹ್ನ ಚೀಲ ಕಟ್ಟುತ್ತಿದ್ದೇನೆ.