ಹೊಟ್ಟೆನೋವಿನ ಮಾತ್ರೆ ಕೇಳಿದ ಬಾಲಕಿ

ಭಾನುವಾರ ಮಟಮಾರಿಯಿಂದ ರಾಯಚೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಬುತ್ತಿಗಂಟು ಹಿಡಿದ ತಾಯಂದಿರು ಕಾಣುತ್ತಾರೆ. ವಸತಿ ಶಾಲೆಯಲ್ಲಿರುವ ಮಗಳನ್ನು ನೋಡಲು ಹೊರಟವರು. ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ. ಶ್ರೀಮಠದ ಸದ್ಭಕ್ತರ ಮನೆಗಳ ಹೆಣ್ಣುಮಕ್ಕಳೂ ಹೀಗೆ ಊರು ಬಿಟ್ಟು ಓದುತ್ತಿರುವುದರಿಂದ ಈ ಸಂಚಿಕೆಯಲ್ಲಿ ಅವರ ಆರೋಗ್ಯದ ವಿಷಯವನ್ನು ಎತ್ತಿಕೊಂಡಿದ್ದೇವೆ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ನಮ್ಮ ಜಿಲ್ಲೆಯ ದೇವದುರ್ಗವೂ ಮಾನ್ವಿಯೂ ಸೇರಿದ್ದವು. ಇಂತಹ ಸೀಮೆಗಳ ಬಾಲಕಿಯರಿಗಾಗಿಯೇ ಕೇಂದ್ರ ಸರ್ಕಾರವು 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆಯನ್ನು ಆರಂಭಿಸಿತು. ಶೇ. 75ರಷ್ಟು ಸ್ಥಾನಗಳು ಪರಿಶಿಷ್ಟರು, ಹಿಂದುಳಿದವರು ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ. ಉಳಿದವು ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ. ತಂದೆತಾಯಿ ಗುಳೆ ಹೋದರೂ, ಹತ್ತಿ ಬಿಡಿಸುವ ಸುಗ್ಗಿ ಬಂದರೂ ಮಗಳ ಓದು ನಿಲ್ಲಬಾರದೆಂಬುದು ಇಂತಹ ಶಾಲೆಗಳಿಂದ ಆಗುವ ದೊಡ್ಡ ಉಪಕಾರ. ಆದರೆ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಕಾಲವೆಂದರೆ ಹೆಣ್ಣುಮಗು ಮೈನೆರೆಯುವ ಕಾಲ. ತಾಯಿಯ ಮಗ್ಗುಲು ಬೇಕೆನಿಸುವ ಆ ವಯಸ್ಸಿನಲ್ಲಿಯೇ ಆಕೆ ತಾಯಿಯಿಂದ ದೂರವಿರುತ್ತಾಳೆ.

ನಮ್ಮ ಭಾಗದ ಒಂದು ಬಾಲಿಕಾ ವಸತಿ ಶಾಲೆಗೆ ನಾವು ತಿಂಗಳಿಗೊಮ್ಮೆ ಹೋಗಿ ಮಕ್ಕಳನ್ನು ನೋಡಿಬರುತ್ತೇವೆ. ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಎಂಟನೆಯ ತರಗತಿಯ ಒಬ್ಬ ಬಾಲಕಿ ಹೊಟ್ಟೆನೋವೆಂದು ಬಂದಳು. ಹೊಟ್ಟೆ ಮುಟ್ಟಿ ನೋಡಿದೆವು, ಮೆತ್ತಗಿತ್ತು. ನಾಲಗೆ, ಕಣ್ಣಿನ ರೆಪ್ಪೆಯ ಒಳಭಾಗ ಬಿಳಚಿಕೊಂಡಿದ್ದವು. ಅಜೀರ್ಣವೆಂದು ಹಿಂಗ್ವಾಷ್ಟಕ ಚೂರ್ಣ ಕೊಟ್ಟೆವು. ಮುಂದಿನ ತಿಂಗಳು ಮತ್ತೆ ಬಂದಳು. ಜಂತುಹುಳುವಿರಬಹುದೆಂದು ಔಷಧ ಬದಲಿಸಿದೆವು. ಮೂರನೆಯ ಬಾರಿ ಸಾಲಿನಲ್ಲಿ ಅರವತ್ತು ಮಕ್ಕಳಿದ್ದರು, ಹೊತ್ತು ಮುಳುಗುತ್ತಿತ್ತು. ಹಿಂದಿನ ಔಷಧವನ್ನೇ ಮುಂದುವರಿಸಲು ಬರೆದುಕೊಟ್ಟೆವು. ಸಂಕ್ರಾಂತಿಯ ರಜೆಗೆ ಊರಿಗೆ ಹೋದ ಬಾಲಕಿ ಮರಳಿ ಬರಲಿಲ್ಲ.

ಬೇಸಿಗೆಯಲ್ಲಿ ಆಕೆಯ ತಾಯಿ ಮೊಣಕಾಲು ನೋವೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಮಗಳನ್ನು ವಿಚಾರಿಸಿದೆವು. "ಲಗ್ನ ಮಾಡಿಬಿಟ್ವಿ ರೀ. ದೀಪಾವಳಿ ಮುಂದ ಮಾತುಕತಿ ಆಗಿತ್ತು. ಅವಾಗಿಂದ ಆಕಿ ಉಣ್ಣೋದನ್ನ ಬಿಟ್ಟಿದ್ಲು" ಎಂದರು. ಶಾಲೆಗೂ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿದೆವು. ಅಧಿಕಾರಿಗಳು ಹೋದರು, ಆದರೆ ಬಾಲಕಿ ತರಗತಿಗೆ ಹಿಂದಿರುಗಲಿಲ್ಲ. ಶಾಲೆಯ ಅಡುಗೆಯಮ್ಮನಿಗೆ ಈ ಸಂಗತಿ ಮೊದಲೇ ಗೊತ್ತಿತ್ತು. ಬಾಲಕಿ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿಕೊಂಡಿದ್ದಳು. ಅಡುಗೆಯಮ್ಮನನ್ನು ಯಾರೂ ಕೇಳಿರಲಿಲ್ಲ. ಬಾಲಕಿಯನ್ನು ನಾವು ಕೇಳಿರಲಿಲ್ಲ.

ಕೇಳಬೇಕೆಂದು ನಮಗೆ ತಿಳಿಯದೇ ಇರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯವು ಪಾಂಡುರೋಗಕ್ಕೆ ಮೀಸಲಾಗಿದೆ. ಇಂದು ರಕ್ತಹೀನತೆ ಎಂದು ಕರೆಯುವುದಕ್ಕೆ ಬಹುಮಟ್ಟಿಗೆ ಹೊಂದುವ ಈ ರೋಗದ ಕಾರಣಗಳನ್ನು ಹೇಳುವಾಗ ಆಚಾರ್ಯರು ಆಹಾರದೋಷಗಳ ಜೊತೆಯಲ್ಲಿಯೇ ಚಿಂತೆ, ಭಯ, ಶೋಕಗಳನ್ನೂ ಎಣಿಸಿದ್ದಾರೆ. ಹಿತವಾದ ಆಹಾರವನ್ನು ಮಿತವಾಗಿ ಉಂಡರೂ ಚಿಂತೆ ಮತ್ತು ಭಯದಲ್ಲಿರುವವರಿಗೆ ಅದು ಜೀರ್ಣವಾಗದೆಂದು ವಿಮಾನಸ್ಥಾನದಲ್ಲಿಯೂ ಹೇಳಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ನಾವು.

ಪಾಂಡುರೋಗದ ಒಂದು ಭೇದ ಮಣ್ಣು ತಿನ್ನುವುದರಿಂದ ಬರುವಂಥದ್ದು. ಇದನ್ನು ಓದಿ ಯಾರೂ ನಗಬೇಕಾಗಿಲ್ಲ. ಬಳಪ, ಗೋಡೆಯ ಸುಣ್ಣ, ಹಸಿ ಅಕ್ಕಿ ತಿನ್ನುವ ಬಾಲಕಿಯರು ಇಂದಿಗೂ ಇದ್ದಾರೆ. ರಕ್ತದಲ್ಲಿ ಕಬ್ಬಿಣಾಂಶ ಕುಂದಿದಾಗ ಇಂತಹ ಬಯಕೆ ಹುಟ್ಟುವುದುಂಟು. ಅದನ್ನು ಕೆಟ್ಟ ಚಾಳಿಯೆಂದು ಬೈಯದೆ ರಕ್ತಪರೀಕ್ಷೆ ಮಾಡಿಸಬೇಕು. ಹನ್ನೆರಡು ವರ್ಷ ದಾಟಿದ ಬಾಲಕಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಂದರೆಯಿದೆ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಆಯುರ್ವೇದದ ವೈದ್ಯರಾದ ನಾವು ಅದನ್ನು ಬೇಡವೆನ್ನುತ್ತೇವೆಂದು ಕೆಲವರು ಭಾವಿಸಿದ್ದಾರೆ. ಹಾಗಲ್ಲ. ಊಟವಾದ ಮೇಲೆ ನುಂಗಲಿ. ಮಲ ಕಪ್ಪಾದರೆ ಹೆದರುವುದು ಬೇಡ. ಆ ಹೊತ್ತಿಗೆ ಚಹಾ ಕುಡಿಯದಿರಲಿ, ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನಿಂಬೆ, ನೆಲ್ಲಿಕಾಯಿ ಅದನ್ನು ಸೇರಿಸುತ್ತವೆ. ನುಗ್ಗೆಸೊಪ್ಪು, ಸಜ್ಜೆ, ಹೆಸರುಕಾಳು, ಎಳ್ಳು ನಮ್ಮ ಮನೆಗಳಲ್ಲಿಯೇ ಇವೆ. ಮಂಡೂರ, ಲೋಹಭಸ್ಮಗಳನ್ನು ಮಾತ್ರ ಅಂಗಡಿಯಿಂದ ತಂದು ತಾವೇ ಕೊಡಬಾರದು.

ಆ ವರ್ಷದ ನಂತರ ಶಾಲೆಯ ಮುಖ್ಯಶಿಕ್ಷಕಿಯವರು ಕ್ರಮವನ್ನು ಬದಲಿಸಿದರು. ಹತ್ತು ಹನ್ನೆರಡು ಮಕ್ಕಳಿಗೊಬ್ಬ ಶಿಕ್ಷಕಿಯೆಂದು ಹಂಚಿದರು. ಒಂದೇ ತೊಂದರೆಗೆ ಎರಡನೆಯ ಬಾರಿ ಔಷಧ ಕೇಳುವ ಬಾಲಕಿಯ ಹೆಸರಿನ ಮುಂದೆ ಗುರುತು ಹಾಕಿ ಆ ಶಿಕ್ಷಕಿಗೆ ತಿಳಿಸುತ್ತಾರೆ. ಶಿಕ್ಷಕಿ ಆಕೆಯೊಡನೆ ಬೇವಿನ ಕಟ್ಟೆಯಲ್ಲಿ ಕುಳಿತು ಮಾತನಾಡುತ್ತಾರೆ. ಎಲ್ಲರ ಕಣ್ಣಿಗೆ ಬೀಳುವ, ಯಾರ ಕಿವಿಗೂ ಬೀಳದ ಜಾಗ ಅದು. ತಿಂಗಳ ಸಭೆಗೆ ಅಡುಗೆಯವರನ್ನೂ ಕರೆಯುತ್ತಾರೆ. ಮುಟ್ಟಿನ ದಿನಗಳಲ್ಲಿ ಬೇಕಾದುದನ್ನು ಬಾಲಕಿ ಬಾಯಿಬಿಟ್ಟು ಕೇಳಬೇಕಾಗದಂತೆ ಸ್ನಾನಗೃಹದ ಪಕ್ಕದ ಕಪಾಟಿನಲ್ಲಿಯೇ ಇಡುತ್ತಾರೆ. ಶೌಚಾಲಯದ ಬಾಗಿಲುಗಳಿಗೆ ಚಿಲಕ ಬಂದವು. ಚಿಲಕವಿಲ್ಲದ ಕಾರಣ ಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟು ಉರಿಮೂತ್ರ ತಂದುಕೊಳ್ಳುತ್ತಿದ್ದರೆಂಬುದು ಆಗಲೇ ನಮಗೂ ತಿಳಿದದ್ದು. ಔಷಧ ಬರೆದು ಬರೆದು ನಮ್ಮ ಕೈ ಸೋತಿತ್ತು!

ಹೆಣ್ಣುಮಕ್ಕಳು ಎದುರಾಡಲು ಕಲಿತರೆ ಹೇಗೆಂದು ಕೆಲವು ಪಾಲಕರು ಆಗ ಗೊಣಗಿದರು. ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಪತಿ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದುಬರಲು ಹೇಳಿದ ಶರಣೆ. ಅವರಿಗೆ ನಾವು ಕೊಟ್ಟ ಉತ್ತರ ಅಷ್ಟೇ.

ಹದಿನೆಂಟು ತುಂಬದ ಹೆಣ್ಣುಮಗಳ ಮದುವೆ ನಮ್ಮ ರಾಜ್ಯದಲ್ಲಿ 2016ರ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಮುಹೂರ್ತ ಕೇಳಲು ಬರುವ ಭಕ್ತರಿಗೆ ನಮ್ಮ ಅಯ್ಯನವರು ಇದನ್ನು ಮೊದಲು ಹೇಳಲಿ. ಬಾಲಕಿಯ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಇರುತ್ತದೆ. ಸರ್ಕಾರಿ ಶಾಲೆಯಿರಲಿ, ಮಠಮಾನ್ಯಗಳ ವಸತಿ ನಿಲಯವಿರಲಿ, ಈ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಇರಬೇಕು. ಕಾವಿಯ ಗೌರವಕ್ಕಾಗಿ ಮಗುವಿನ ಬಾಯಿ ಮುಚ್ಚಿಸುವುದು ಸಲ್ಲದು.

ಇನ್ನು, ಎಲ್ಲ ನೋವೂ ಮನಸ್ಸಿನದೇ ಎಂದುಕೊಳ್ಳುವುದೂ ತಪ್ಪು. ಕಳೆದ ತಿಂಗಳು ಏಳನೆಯ ತರಗತಿಯ ಬಾಲಕಿಯೊಬ್ಬಳು ಎರಡನೆಯ ಬಾರಿ ತಲೆನೋವೆಂದು ಬಂದಳು. ಹೆಸರಿನ ಮುಂದೆ ಗುರುತು ಬಿತ್ತು. ಶಿಕ್ಷಕಿ ಕಟ್ಟೆಯಲ್ಲಿ ಅರ್ಧ ಗಂಟೆ ಮಾತನಾಡಿಸಿದರು. ಮನೆಯಲ್ಲಿ ತೊಂದರೆಯಿಲ್ಲ, ಗೆಳತಿಯರೊಡನೆ ಜಗಳವಿಲ್ಲ. ಕಪ್ಪುಹಲಗೆಯ ಅಕ್ಷರ ಮಾತ್ರ ಕಾಣುವುದಿಲ್ಲ ಎಂದಳಂತೆ. ರಾಯಚೂರಿನಲ್ಲಿ ಕಣ್ಣು ಪರೀಕ್ಷೆಯಾಗಿದೆ. ಬರುವ ಭಾನುವಾರ ಆಕೆಯ ತಂದೆ ಕನ್ನಡಕ ತರುತ್ತಾರೆ.